ನಮ್ಮ ನೆಸ್ಟರ್ ಎಷ್ಟು ಉದ್ದ?

ವಿನಿಪೆಗ್, ಬುಧವಾರ

ತಂಗಿ ದಾರಿಯಾ, ಚೆನ್ನಾಗಿದ್ದೀಯಾ?

ಇವತ್ತು ಕ್ಷೌರದಂಗಡಿಯಲ್ಲಿ ಭಾರಿ ಜಗಳ! ಇಲ್ಲಿನ ಐಸ್ ಹಾಕಿ ತಂಡ ಮುಂದಿನ ತಿಂಗಳು ಹೊಸ ಹುಡುಗನನ್ನು ಆರಿಸಿಕೊಳ್ಳಬೇಕಲ್ಲ, ಎಲ್ಲರ ಬಾಯಲ್ಲೂ ನಮ್ಮ ನೆಸ್ಟರನದೇ ಹೆಸರು.

“ಆ ಗಿಡ್ಡನ್ನ ತಗೊಂಡ್ರೆ ಎದುರಾಳಿಗಳು ಅಂಕಣದ ಗೋಡೆಗೊತ್ತಿ ಅಪ್ಪಚ್ಚಿ ಮಾಡ್ತಾರೆ ಕಣೋ,” ಎಂದ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ.

“ಮೊದ್ಲು ಅವನು ಕೈಗೆ ಸಿಗ್ಲಿ, ಆಮೇಲೆ ಒತ್ತು!” ಎಂದು ಕ್ಷೌರಿಕ ಕತ್ತಿ ಹಿಡಿದೇ ಕೂಗಿದ.

ನನಗೆ ತಡೆಯಲಾಗಲಿಲ್ಲ. “ಅವನು ನನ್ನ ತಂಗಿ ಮೊಮ್ಮಗ ಕಣ್ರಪ್ಪ,” ಅಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು!

ಗಿರಾಕಿ ಮೆಲ್ಲಗೆ ಕೇಳಿದ, “ಯಜಮಾನ್ರೇ, ಹುಡುಗ ಇನ್ನೂ ಬೆಳೀತಾನಾ?”

“ಅವರಪ್ಪ ಇಪ್ಪತ್ತು ದಾಟಿದ್ಮೇಲೂ ಬೆಳೆದ,” ಎಂದೆ.

ನನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು, ಚಿಂತೆ ಬೇಡ. ಈ ಕಾರ್ಡ್ ಸಿಕ್ಕ ಕೂಡಲೇ ನೆಸ್ಟರನನ್ನು ಬರಿಗಾಲಲ್ಲಿ ನಿಲ್ಲಿಸಿ ಅಳೆದು ಬರೆ. ಇನ್ನೊಂದೇ ಅಂಗುಲ ಬೆಳೆದಿದ್ದರೂ ಸಾಕು, ಆ ಅರ್ಧ ಗಡ್ಡದವನೂ ನಮ್ಮ ಕಡೆ!

ಅವಸರದಲ್ಲಿ, ನಿನ್ನಣ್ಣ ಓರೆಸ್ಟ್