ಅವರು ಕೇಳದ ಕ್ಷಮೆ

ನಾಶಿಕ
೯ ಮಾರ್ಚ್ ೨೦೦೮

ನನ್ನ ಪ್ರೀತಿಯ ಸಮೀಕ್ಷಾ,

ನಿನ್ನ ಅವ್ವನ ಆಶೀರ್ವಾದಗಳು. ನೀನು ಫೋನ್ ಮಾಡಿದಾಗಲೆಲ್ಲ ನಾನು ಸರಿಯಾಗಿ ಮಾತಾಡುತ್ತಿಲ್ಲ ಎಂದು ನಿನಗೆ ಬೇಸರವಾಗಿದೆ. ನಮ್ಮ ಫೋನ್ ಇರುವುದು ನಿಮ್ಮ ಅಪ್ಪಾಜಿ ಕೂರುವ ಕುರ್ಚಿಯ ಪಕ್ಕದಲ್ಲಿ. ಅಲ್ಲಿ ಆಡುವ ಮಾತಲ್ಲ ಇದು. ಕನ್ನಡ ಓದಲು ನಿನಗೆ ತಡವಾಗುತ್ತದೆ, ಗೊತ್ತು. ತಡವಾಗಲಿ. ಒಬ್ಬಳೇ ಇದ್ದಾಗ ಬಾಯಿಬಿಟ್ಟು ಓದಿಕೋ, ತಿಳಿಯುತ್ತದೆ.

ಔರಂಗಾಬಾದಿನಲ್ಲಿ ಅಷ್ಟು ಜನರ ನಡುವೆ ನಿನ್ನ ಸಿನೆಮಾಕ್ಕೆ ಮೊದಲ ಬಹುಮಾನ ಎಂದು ಕೂಗಿದಾಗ ನಿನ್ನ ಅವ್ವ ಹೊರಗೆ ನೀರಿನ ನಳದ ಹತ್ತಿರ ನಿಂತಿದ್ದಳು. ತಲೆ ಸುತ್ತಿತು ಎಂದು ನಿನಗೆ ಹೇಳಿದೆ. ತಲೆ ಸುತ್ತಿರಲಿಲ್ಲ.

ಸಿನೆಮಾದ ಮೊದಲ ಅರ್ಧದಲ್ಲಿ ನಮ್ಮ ಮನೆಯನ್ನೇ ಕಂಡೆ. ನನ್ನ ಪಾತ್ರ ಮಾಡಿದ ಆ ಜಾಲ್ನಾದ ಹುಡುಗಿ ಚೀಲಕ್ಕೆ ಸೀರೆ ತುಂಬುತ್ತಾಳೆ. ಗಂಡ ಬಂದು ಬಾಗಿಲಲ್ಲಿ ನಿಂತು ಮಾತಾಡಿ ಹೋದ ಮೇಲೆ ಒಂದೊಂದನ್ನೇ ತೆಗೆದು ಮತ್ತೆ ಮಂಚದ ಮೇಲೆ ಇಡುತ್ತಾಳೆ. ಅಳುವುದಿಲ್ಲ. ಅಡಿಗೆಮನೆಗೆ ಹೋಗಿ ಬದನೆಕಾಯಿ ಸೀಳುತ್ತಾಳೆ. ಅಂದು ನಾನು ಮಾಡಿದ್ದೂ ಅದನ್ನೇ. ಬಾಗಿಲ ಸಂದಿಯಲ್ಲಿ ನಿಂತಿದ್ದ ಸಣ್ಣ ಹುಡುಗಿ ಇಷ್ಟನ್ನೆಲ್ಲ ಎದೆಯಲ್ಲಿಟ್ಟುಕೊಂಡು ಬೆಳೆದಳಲ್ಲ ಎಂದು ಸಂಕಟವಾಯಿತು. ಹೆಮ್ಮೆಯೂ ಆಯಿತು.

ನೀನು ನೋಡದ ಸಂಗತಿಗಳೂ ಇವೆ. ನಿನ್ನ ಸದಾನಂದ ಮಾಮಾ ಭಾಲ್ಕಿಯಿಂದ ಫೋನ್ ಮಾಡಿದ್ದು ಬೆಳಿಗ್ಗೆ. ನಿಮ್ಮ ಈರಮ್ಮಜ್ಜಿಗೆ ಕಡೆಗಾಲ, ನನ್ನನ್ನೇ ಕೇಳುತ್ತಿದ್ದಾಳೆ ಎಂದ. ಮರುದಿನ ಪುಣೆಯಿಂದ ಬ್ಯಾಂಕಿನ ದೊಡ್ಡ ಸಾಹೇಬರು ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ನಿಮ್ಮ ಅಪ್ಪಾಜಿಯ ಬಡ್ತಿಯ ಮಾತು ನಡೆದಿತ್ತು. ಸಾಹೇಬರ ಊಟ ಮುಗಿಸಿಕೊಂಡು ಹೋಗು ಎಂದರು ಅಪ್ಪಾಜಿ.

“ಅವ್ವ ನನ್ನ ಹೆಸರು ಹಿಡದು ಕರೀಲಿಕ್ಕತ್ತಾಳಂತ್ರಿ” ಎಂದೆ.

“ನೀ ಹೋದ್ರ ಬದುಕತಾಳೇನು?” ಎಂದರು.

ಸಾಹೇಬರು ಬಂದರು. ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು. ನಾನು ಮನ್ಮಾಡಿಗೆ ಹೋಗಿ ರೈಲು ಹಿಡಿದು ಊರು ಮುಟ್ಟುವ ಹೊತ್ತಿಗೆ ಅವ್ವನ ಮಣ್ಣು ಮುಗಿದಿತ್ತು. ಪಕ್ಕದ ಮನೆಯ ರೇಣವ್ವ ನನ್ನ ಕೈ ಹಿಡಿದು, “ಈರಮ್ಮ ಕಡೀತನಕಾ ಬಾಗಿಲಾ ನೋಡಕೋತ ಮಲಗಿದ್ಳವ್ವಾ” ಎಂದಳು. ಆ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿಮ್ಮ ಅಪ್ಪಾಜಿಗೂ.

ನಾನು ಜಗಳವಾಡಲಿಲ್ಲ. ಒಂದು ದಿನ ಅವರೇ ತಪ್ಪಾಯಿತೆಂದು ಹೇಳಿಯಾರು ಎಂದು ಕಾದೆ. ಬಡ್ತಿ ಸಿಕ್ಕ ದಿನ ಹೇಳಿಯಾರು ಎಂದುಕೊಂಡೆ. ಅವರ ತಾಯಿ ಹಾಸಿಗೆ ಹಿಡಿದಾಗ ನಾನು ತಿಂಗಳುಗಟ್ಟಲೆ ಉಚ್ಚೆ ಹೇಲು ಬಳಿದೆ. ಆಕೆ ಹೋದ ದಿನ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಈಗ ಬಂತು ಎಂದುಕೊಂಡೆ. ಚಹಾ ಇದೆಯೇನು ಎಂದು ಕೇಳಿದರು.

ನಿನ್ನ ಸಿನೆಮಾದಲ್ಲಿ ‘ನೀ ಹೋದ್ರ ಬದುಕತಾಳೇನು’ ಎಂಬ ಮಾತು ಮರಾಠಿಯಲ್ಲಿ ಬಂದಾಗ ಯಾರೂ ಅಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಚಿವಡಾ ತಿನ್ನುತ್ತಿದ್ದರು. ಕೊನೆಗೆ ಆ ಗಂಡ ಮುದುಕನಾಗಿ, ಹೆಂಡತಿಯ ಎರಡೂ ಕೈ ಹಿಡಿದು, ತಪ್ಪಾಯಿತು, ನಿನ್ನನ್ನು ಕಳಿಸಬೇಕಿತ್ತು ಎನ್ನುತ್ತಾನಲ್ಲ, ಆಗ ಹಿಂದೆ ಸಾರಂಗಿ ಶುರುವಾಯಿತು, ಸಭಾಗೃಹದ ತುಂಬ ಮೂಗು ಏರಿಸುವ ಸದ್ದು. ನಡೆದದ್ದಕ್ಕೆ ಅಳದ ಜನ ನಡೆಯದೇ ಇದ್ದುದಕ್ಕೆ ಅತ್ತರು. ಅವರದು ತಪ್ಪಲ್ಲ ಬಿಡು. ಮನೆಗೆ ಹೋಗುವ ಮೊದಲು ಯಾರಿಗಾದರೂ ಒಂದಿಷ್ಟು ಸಮಾಧಾನ ಬೇಕಾಗುತ್ತದೆ. ಪಕ್ಕಕ್ಕೆ ನೋಡಿದೆ. ನಿಮ್ಮ ಅಪ್ಪಾಜಿ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಅಳುತ್ತಿದ್ದರು. ನಾನು ಎದ್ದು ಹೊರಗೆ ಬಂದೆ.

ತಿರುಗಿ ಬರುವಾಗ ಯೇವಲಾ ದಾಟಿದ ಮೇಲೆ ಬಸ್ಸಿನಲ್ಲಿ ಅವರೇ ಮಾತು ತೆಗೆದರು.

“ಭಾಳ ಚಲೋ ಮಾಡ್ಯಾಳ ನಿನ್ನ ಮಗಳು. ಈಗರೆ ನಿನ್ನ ಮನಸ್ಸು ಹಗುರ ಆತಿಲ್ಲೋ?”

“ನೀವು ಯಾವಾಗ ಅಂದ್ರಿ ಹಂಗ?” ಎಂದೆ.

“ಎಲ್ಲಾರ ಮುಂದ ಅಂದಂಗ ಆತಲ್ಲ. ಇನ್ನೇನು ಬೇಕು ನಿನಗ?”

ಅಷ್ಟು ಹೇಳಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ಈಚಿನ ವರ್ಷಗಳಲ್ಲಿ ಅವರು ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನೀನು ಕೊಟ್ಟ ಸಿ.ಡಿ. ಈಗ ಬಂದವರಿಗೆಲ್ಲ ತೋರಿಸುವ ವಸ್ತುವಾಗಿದೆ. ಬ್ಯಾಂಕಿನ ಹಳೆಯ ಗೆಳೆಯರು ಬರುತ್ತಾರೆ, ನೋಡುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ಇಂಥಾ ಮನುಷ್ಯ ಸಿಗೂದು ನಿಮ್ಮ ಪುಣ್ಯಾ ವಹಿನಿ ಎಂದು ನನಗೆ ಹೇಳುತ್ತಾರೆ. ನಾನು ಚಹಾ ಕೊಟ್ಟು ಒಳಗೆ ಬರುತ್ತೇನೆ. ಪ್ರತಿ ಸಲವೂ ನಿಮ್ಮ ಅಪ್ಪಾಜಿ ಅದೇ ಜಾಗದಲ್ಲಿ ಅಳುತ್ತಾರೆ, ಮಗಾ. ನಮ್ಮವ್ವನಿಗಾಗಿ ಅಲ್ಲ, ನನಗಾಗಿಯೂ ಅಲ್ಲ. ಪರದೆಯ ಮೇಲಿನ ಆ ಒಳ್ಳೆಯ ಗಂಡನಿಗಾಗಿ ಅಳುತ್ತಾರೆ.

ನೀನು ನನ್ನ ಮೇಲಿನ ಪ್ರೀತಿಯಿಂದಲೇ ಹಾಗೆ ಬರೆದೆ ಎಂಬುದು ನನಗೆ ತಿಳಿಯದ್ದಲ್ಲ. ನಾನು ಕಾಯುತ್ತಿದ್ದುದನ್ನು ಈ ಮನೆಯಲ್ಲಿ ಕಂಡವಳು ನೀನೊಬ್ಬಳೇ. ಆದರೆ ಅವರು ನನಗೆ ಕೊಡಬೇಕಾಗಿದ್ದ ಮಾತನ್ನು ನೀನು ಕೊಟ್ಟುಬಿಟ್ಟೆ. ಅವರಿಗೆ ಇನ್ನು ಕೊಡುವುದೇನೂ ಉಳಿದಿಲ್ಲ. ನಾನು ಕಾಯುವುದೂ ಅಲ್ಲಿಗೆ ಮುಗಿಯಿತು.

ಈ ಸಿನೆಮಾ ಮುಂದಿನ ತಿಂಗಳು ಪುಣೆಯ ಸ್ಪರ್ಧೆಗೆ ಹೋಗುತ್ತದೆ ಎಂದೆಯಲ್ಲ, ಅದಕ್ಕೂ ಮೊದಲು ಆ ಕೊನೆಯ ಭಾಗವನ್ನು ತೆಗೆದುಬಿಡು. ಅವಳು ಬದನೆಕಾಯಿ ಸೀಳುವಲ್ಲಿಗೆ ನಿಲ್ಲಿಸು. ಜನ ಅಳದೇ ಎದ್ದು ಹೋಗಬಹುದು, ಬಹುಮಾನ ಬರದೇ ಇರಬಹುದು. ಆದರೂ ತೆಗೆ. ಇದನ್ನು ಅವ್ವ ಕೇಳಿಕೊಂಡಳೆಂದು ಅಪ್ಪಾಜಿಗೆ ಹೇಳಬೇಡ.

ಮೆಸ್ಸಿನ ಊಟ ಸೇರದಿದ್ದರೆ ಬಾಳೆಹಣ್ಣಾದರೂ ತಿನ್ನು. ಬಿಸಿಲು ಏರುತ್ತಿದೆ, ತಲೆಗೆ ಓಢಣಿ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ.

ಎಂದೆಂದಿಗೂ ನಿನ್ನವಳೇ ಆದ
ಅವ್ವ
(ಸುಗುಣಾ)

ತಾ.ಕ.: ಈ ಪತ್ರ ಬರೆದು ಮುಗಿಸಿದ್ದು ಮಧ್ಯಾಹ್ನ. ಸಂಜೆ ಕಲಬುರಗಿಯ ವಿಶ್ವನಾಥಪ್ಪನವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅಪ್ಪಾಜಿ ಸಿ.ಡಿ. ಹಾಕಿದರು. ಮುಗಿದ ಮೇಲೆ ವಿಶ್ವನಾಥಪ್ಪನವರು, “ರೇವಣಪ್ಪನವರ, ಖರೇನ ಹಿಂಗ ಅಂದಿದ್ರೇನ್ರಿ?” ಎಂದು ಕೇಳಿದರು. “ಅಂದಿದ್ದೆ. ಆಕಿ ಊರಿಂದ ತಿರುಗಿ ಬಂದ ದಿನಾನ, ಮನ್ಮಾಡ ಸ್ಟೇಷನ್ನಿನಾಗ” ಎಂದರು ನಿಮ್ಮ ಅಪ್ಪಾಜಿ. ಆ ದಿನ ಅವರು ಮನ್ಮಾಡಿಗೆ ಬಂದಿರಲೇ ಇಲ್ಲ. ಹೇಳುವಾಗ ಅವರ ಮುಖದಲ್ಲಿ ಸುಳ್ಳು ಹೇಳುವವರ ಅಳುಕೂ ಇರಲಿಲ್ಲ. ನನ್ನ ಕಡೆ ತಿರುಗಿ, “ಹೌದಲ್ಲೋ?” ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು “ಹೌದ್ರಿ” ಎಂದೆ.

ಆ ಕೊನೆಯ ಭಾಗ ಇರಲಿ, ತೆಗೆಯಬೇಡ. ತೆಗೆದರೆ ನಾನು ಸುಳ್ಳು ಹೇಳಿದಂತಾಗುತ್ತದೆ.