ಗಿಣಿಯ ಕೊಕ್ಕೆಯಲ್ಲಿ ಬಿಳಿ ಆರ್ಕಿಡ್

ಒಂಟಿಕೊಪ್ಪಲ್, ಮೈಸೂರು
30 ಆಗಸ್ಟ್ 2025

ಮುದ್ದು ಮಂಜು ಅಕ್ಕಾ,

ಧಾರವಾಡದಲ್ಲಿ ಕುಳಿತು ನನ್ನ ಕಾಗದ ನೋಡಿ ನಗಬೇಡ. ವಾಟ್ಸಾಪ್‌ನಲ್ಲಿ ಬರೆದರೆ ನೀನು ಅಮ್ಮನಿಗೆ ಫಾರ್ವರ್ಡ್ ಮಾಡುತ್ತೀಯ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಾ ಕುಳಿತಿರುತ್ತಾರೆ. ನನ್ನದು ಕಾನ್ವೆಂಟ್ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಾನು ತುಂಬಾ ತುಂಬಾ ಸುಖವಾಗಿದ್ದೇನೆ! ಯೋಗಿ ಬಂಗಾರದಂಥವನು. (ಅತ್ತೆಯ ಮುಂದೆ ‘ರೀ’ ಅನ್ನುತ್ತೇನೆ, ನಿನ್ನ ಮುಂದೆ ಅವನು ಅವನೇ.) ಇದನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ಮುಂದೆ ಬರುವುದೆಲ್ಲ ಬರೀ ಹೊಟ್ಟೆಕಿಚ್ಚು.

ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದೆಂದು ನನ್ನನ್ನು ಅಮ್ಮನ ಮನೆಗೆ ಕಳುಹಿಸಿದ್ದರಲ್ಲ? ಅಲ್ಲಿ ನಾನು ದಿನ ಎಣಿಸುತ್ತಿದ್ದೆ. ಶ್ರಾವಣಕ್ಕೆ ಹಿಂತಿರುಗಿದರೆ, ಹಾಲ್‌ನ ಕಿಟಕಿಯ ಪಕ್ಕದಲ್ಲಿದ್ದ ನನ್ನ ಬೆತ್ತದ ಕುರ್ಚಿ ಮೂಲೆ ಸೇರಿದೆ! ಆ ಜಾಗದಲ್ಲಿ ಎರಡು ಆರ್ಕಿಡ್ ಕುಂಡ. ಮೂರನೆಯದು, ಬಿಳಿ ಹೂವಿನದು, ಮೇಲಿನ ಕೊಕ್ಕೆಯಲ್ಲಿ ತೂಗುತ್ತಿದೆ. “ನೀನಿಲ್ದೆ ಬೇಜಾರಾಯ್ತು, ತಂದ್ಬುಟ್ಟೆ” ಎಂದ. ಕೇಳಲು ಎಷ್ಟು ಮುದ್ದು! ಆದರೆ ನಾನು ಬಂದ ಮೇಲೂ ಅವು ಹೋಗಲಿಲ್ಲವಲ್ಲ.

ಬೆಳಗ್ಗೆ ಎದ್ದವನು ಮೊದಲು ಅವುಗಳ ಮುಖ ನೋಡುತ್ತಾನೆ. ಒದ್ದೆ ಹತ್ತಿಯಿಂದ ಒಂದೊಂದೇ ಎಲೆ ಒರೆಸುತ್ತಾನೆ. ಕುಂಡದಲ್ಲಿ ಮಣ್ಣೇ ಇಲ್ಲ ಅಕ್ಕಾ, ತೊಗಟೆ ಚೂರು, ಇದ್ದಿಲು ಅಷ್ಟೇ. ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಅದ್ದಿಟ್ಟು, ನೀರೆಲ್ಲ ಬಸಿದ ಮೇಲೆ ಮಗುವಿನಂತೆ ಎತ್ತಿ ತರುತ್ತಾನೆ. ಫ್ಯಾನಿನ ಗಾಳಿ ಅವಕ್ಕೆ ಆಗುವುದಿಲ್ಲವಂತೆ, ಆದ್ದರಿಂದ ನಾನು ಬೆವರಬೇಕು. “ಬೇರು ಬೆಳ್ಳಗಾದ್ರೆ ಬಾಯಾರಿದೆ ಅಂತ, ಹಸಿರಿದ್ರೆ ನೀರು ಸಾಕು ಅಂತ. ನೋಡಿದ್ರೇ ಗೊತ್ತಾಗುತ್ತೆ ಕಣೇ” ಎಂದು ಪಾಠ ಮಾಡಿದ. ಅವತ್ತು ನಾನು ಹೊಸ ಮೂಗುಬೊಟ್ಟು ಹಾಕಿಕೊಂಡಿದ್ದೆ. ಅದು ನೋಡಿದರೂ ಗೊತ್ತಾಗಲಿಲ್ಲ.

ಆ ಬಿಳಿಯದನ್ನು ಕಂಡರೆ ಮಾವನವರಿಗೂ ಅಕ್ಕರೆ. ಆ ಕೊಕ್ಕೆಯಲ್ಲಿ ಹಿಂದೆ ಅವರ ಗಿಣಿಯ ಪಂಜರ ಇತ್ತಂತೆ. “ನಮ್ ಮದ್ವೆ ಆದ ವರ್ಷವೇ ಹಾರೋಯ್ತು ಕಣಮ್ಮ, ಪಂಜರದ ಚಿಲಕ ಸಡಿಲ ಇತ್ತು” ಎಂದು ಈಗಲೂ ನಿಟ್ಟುಸಿರು ಬಿಡುತ್ತಾರೆ. ಮೂವತ್ತೈದು ವರ್ಷ ಖಾಲಿ ಇದ್ದ ಕೊಕ್ಕೆ ಅದು.

ಮಂಗಳವಾರ ನನ್ನ ಮೊದಲ ಗೌರಿಹಬ್ಬ. ಯೋಗಿ ಬಾಳೆಎಲೆ ತರಲು ಹೋಗಿದ್ದ. ಗೌರಿಗೆ ಹೂವು ಸಾಲಲಿಲ್ಲ, ಆ ಬಿಳಿ ಆರ್ಕಿಡ್ ತಾ ಎಂದು ಅತ್ತೆ ಹೇಳಿದರು. ಹಿರಿಯರ ಮಾತು ಮೀರಲಾಗುತ್ತದೆಯೇ? ಐದು ಹೂವು, ಎರಡು ಮೊಗ್ಗಿದ್ದ ಇಡೀ ದಂಟನ್ನು ಕತ್ತರಿಸಿ ಗೌರಿಯ ಮುಡಿಗೇರಿಸಿದೆ. ದೇವರಿಗೆ ಕೊಟ್ಟದ್ದಕ್ಕೆ ಯಾರು ಬೈಯುತ್ತಾರೆ!

ಯೋಗಿ ಬೈಯಲಿಲ್ಲ ಅಕ್ಕಾ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲ್ ಹತ್ತಿ, ಕತ್ತರಿಸಿದ ಜಾಗ ಕೊಳೆಯದಿರಲೆಂದು ಚಕ್ಕೆಪುಡಿ ಹಚ್ಚಿದ. ಆಮೇಲೆ, “ಯಾರು ಕತ್ತರ್ಸಿದ್ದು?” ಎಂದು ಮೆಲ್ಲಗೆ ಕೇಳಿದ. ಇಷ್ಟು ಸಣ್ಣ ಮನಸ್ಸಿನವಳೇ ಇವಳು ಎಂದು ಅವನಿಗೆ ಒಮ್ಮೆ ಅನ್ನಿಸಿಬಿಟ್ಟರೆ ಮತ್ತೆ ಹೇಗೆ ಅಳಿಸಲಿ? ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ, “ನಾನೇ ಕಣೋ ತಾ ಅಂದಿದ್ದು. ಗೌರಮ್ಮನಿಗಿಂತ ನಿನ್ ಗಿಡ ಹೆಚ್ಚಾ?” ಎಂದು ಗದರಿದರು. ಅವನು ಸ್ಟೂಲ್ ಎತ್ತಿಟ್ಟು ಬಾಳೆಎಲೆ ಒರೆಸಲು ಕುಳಿತ.

ಸಂಜೆ ನೋಡಿದರೆ ನನ್ನ ಬೆತ್ತದ ಕುರ್ಚಿ ಮತ್ತೆ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಅಲ್ಲೇ ಕುಳಿತು ಬರೆಯುತ್ತಿದ್ದೇನೆ. ಬಿಳಿಯದರ ಬೇರು ಇವತ್ತು ಬೆಳ್ಳಗಿದೆ. ಬಕೆಟ್ಟಿಗೆ ನಾನೇ ನೀರು ತುಂಬಿಸಿಟ್ಟಿದ್ದೇನೆ.

ಭಾವನಿಗೆ ಓದಿ ಹೇಳಬೇಡ, ಆಣೆ.

ನಿನ್ನ ಹೊಟ್ಟೆಕಿಚ್ಚಿನ ತಂಗಿ,
ಹರ್ಷಿತಾ

ಮರೆತ ಮಾತು: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ಅತ್ತೆ ನನಗೆ ಆ ಹೂ ತಾ ಎನ್ನಲೇ ಇಲ್ಲ ಅಕ್ಕಾ. ಬಾಗಿನ ಕೊಟ್ಟು ಕಾಲಿಗೆ ಬಿದ್ದಾಗ, ನನಗಾಗಿ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ತಲೆಗೆ ಅಕ್ಷತೆ ಹಾಕುತ್ತಾ ಬಗ್ಗಿ ಕಿವಿಯಲ್ಲಿ ಹೇಳಿದರು: “ಆ ಪಂಜರದ ಚಿಲಕ ಸಡಿಲ ಇರ್ಲಿಲ್ಲ ಕಣಮ್ಮ.”