ತಿರುಗಿ ಹೇಳದ ಶರಣು

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಗಳು ಗುರುದೇವಿಗೆ ನಿನ್ನಪ್ಪ ಗೂಳಪ್ಪನ ಆಶೀರ್ವಾದ.

ಹೇಗಿದ್ದೀಯವ್ವಾ? ಕೆಂಗೇರಿ ಆಚೆ ನಮ್ಮ ಕಡೆಗಿಂತ ಚಳಿ ಒಂದು ಕೈ ಹೆಚ್ಚು. ನಸುಕಿನ ತಣ್ಣೀರು ಸ್ನಾನದಿಂದ ಮತ್ತೆ ಕೆಮ್ಮು ಎದ್ದಿಲ್ಲ ತಾನೇ? ಖೊಖೊ ಆಡಿ ತರಚಿಕೊಂಡ ಮೊಣಕಾಲು ಒಣಗಿತೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ಪ್ರತಿ ಪತ್ರವನ್ನೂ ನಾನು ಯಾವ ಮಾತಿನಿಂದ ಶುರು ಮಾಡುತ್ತಿದ್ದೆ ಎಂಬುದು ನಿನಗೆ ಗೊತ್ತು. ಈ ಸಲ ಮೇಲಿನ ಸಾಲಿನಲ್ಲಿ ಅದಿಲ್ಲ. ಮರೆತದ್ದಲ್ಲ.

ಈ ಪತ್ರ ನಿನ್ನ ಕೈಗೆ ಬರುವುದಿಲ್ಲ, ಕಿವಿಗೆ ಬರುತ್ತದೆ ಎಂಬುದೂ ತಿಳಿದಿದೆ. ಶಿಕ್ಷೆಯಲ್ಲಿರುವ ಮಕ್ಕಳ ಪತ್ರವನ್ನು ವಾರ್ಡನ್ ಬಸವರಾಜೇಶ್ವರಿ ಮೇಡಂ ಎದುರಿಗೆ ಕೂರಿಸಿಕೊಂಡು ತಾವೇ ಓದಿ ಹೇಳುತ್ತಾರಂತೆ. ಭಾನುವಾರ ಅವರೇ ನನಗೆ ಹೇಳಿದರು: “ಮೊದಲೇ ಕದ್ದು ಓದೋದಿಲ್ಲ ಗೂಳಪ್ಪನವರೇ, ಒಂದಕ್ಷರ ಬಿಟ್ಟೂ ಓದೋದಿಲ್ಲ. ಬಿಟ್ಟು ಓದಿದರೆ ಅದೂ ಸುಳ್ಳೇ.” ಆ ಮಾತನ್ನು ನಂಬಿಯೇ ಪೆನ್ನು ಹಿಡಿದಿದ್ದೇನೆ. ಮೇಡಂ, ನನ್ನ ಅಕ್ಷರ ಶಾಮಿಯಾನದ ಹಗ್ಗದ ಹಾಗೆ. ಗಂಟು ಬಿದ್ದಲ್ಲಿ ನಿಧಾನವಾಗಿ ಬಿಡಿಸಿಕೊಂಡು ಓದಿ.

ನಾನು ಲೆಕ್ಕದ ಮನುಷ್ಯ, ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನಿನ್ನ ಒಂದೇ ಒಂದು ಮಾತಿನ ಖರ್ಚು ಇವತ್ತಿನವರೆಗೆ ಇಷ್ಟಾಗಿದೆ. ಅತ್ತಿಗುಪ್ಪೆಯಿಂದ ಕೆಂಗೇರಿಗೆ ಹೋಗಿ ಬರಲು ಮೆಟ್ರೊ, ಅಲ್ಲಿಂದ ನಿಮ್ಮ ಶಾಲೆಯ ಗೇಟಿಗೆ ಆಟೊ. ಆಟೊದವನು ಮಠದ ಶಾಲೆ ಅಂದ ಕೂಡಲೇ ಕೈಮುಗಿದು ಐವತ್ತು ರೂಪಾಯಿ ಜಾಸ್ತಿ ಕೇಳಿದ. ಎರಡು ದಿನ ಅಂಗಡಿ ಬಾಗಿಲು ಮುಚ್ಚಿದ್ದು. ನಿಮ್ಮ ಗೇಟಿನಲ್ಲಿ ಫೋನು ಇಸಿದುಕೊಂಡ ಹೊತ್ತಿಗೇ ಸುಂಕದಕಟ್ಟೆಯ ರಾಜ್ಯೋತ್ಸವದವರು ಐನೂರು ಕುರ್ಚಿಗೆ ಫೋನ್ ಮಾಡಿ, ನಾನು ಎತ್ತಲಿಲ್ಲವೆಂದು ಆರ್ಡರನ್ನು ಇನ್ನೊಬ್ಬ ಶಾಮಿಯಾನದವ ಮರಿಯಪ್ಪನಿಗೆ ಕೊಟ್ಟರು. ಅವನು ನನ್ನ ಹತ್ತಿರವೇ ನೂರು ಕುರ್ಚಿ ಬಾಡಿಗೆಗೆ ತಗೊಂಡು ಹೋದ. ನಗಬೇಡ. ಈ ಸಾಲಿನಲ್ಲಿ ಕೊನೆಯ ಖರ್ಚು ನಿನ್ನವ್ವನ ಮಾತು. ನಿಮ್ಮ ಶಾಲೆಯ ಶಿಕ್ಷೆ ನಮ್ಮ ಮನೆಗೂ ಬಂದಿದೆ, ಶಂಕ್ರವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹೇಳುವುದೇನಿದ್ದರೂ ಮಿಕ್ಸಿಗೆ ಹೇಳುತ್ತಾಳೆ. ನಿನ್ನೆ ಚಟ್ನಿ ರುಬ್ಬುತ್ತಾ ಅದಕ್ಕೆ ಹೇಳಿದಳು: “ಕೆಲವರಿಗೆ ಬಾಯಿ ಅನ್ನೋದು ತಿನ್ನಾಕಷ್ಟ ಕೊಟ್ಟಾನ ದೇವರು.”

ನಡೆದದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ತಪ್ಪಿದ್ದರೆ ತಲೆ ಅಲ್ಲಾಡಿಸು, ಮೇಡಂ ನೋಡಿಕೊಳ್ಳುತ್ತಾರೆ. ಒಂಬತ್ತನೇ ಕ್ಲಾಸಿನ ಅನಘಾ, ನಿನ್ನ ಪಕ್ಕದ ಮಂಚದವಳು, ಒದ್ದೆ ಕೂದಲು ಪ್ರಾರ್ಥನೆಯ ಹೊತ್ತಿಗೆ ಒಣಗುವುದೇ ಇಲ್ಲವೆಂದು ತಾನೇ ಕತ್ತರಿ ಹಿಡಿದು ಕುತ್ತಿಗೆಯವರೆಗೆ ಕತ್ತರಿಸಿಕೊಂಡಳು. ನಿಮ್ಮಲ್ಲಿ ಎರಡು ಜಡೆ, ಬಿಳಿ ರಿಬ್ಬನ್ನು ಕಡ್ಡಾಯ. ಅದಕ್ಕೆ ಹೆಡ್ ಮಾಸ್ತರು ಚನ್ನಮಲ್ಲಪ್ಪನವರು ಅವಳ ಶರಣು ನಿಲ್ಲಿಸಿದರು. ಅಂದರೆ ಅವಳಿಗೆ ಪಾಠ ಉಂಟು, ಊಟ ಉಂಟು, ಹಾಜರಿಯೂ ಉಂಟು. ಆದರೆ ಅವಳು ಯಾರಿಗೆ ಕೈಮುಗಿದು ಶರಣು ಅಂದರೂ ಯಾರೂ ತಿರುಗಿ ಅನ್ನುವಂತಿಲ್ಲ. ಅಂದವರ ಶರಣೂ ನಿಲ್ಲುತ್ತದೆ. ಮೂರನೇ ದಿನ ನೀರಿನ ನಲ್ಲಿಯ ಹತ್ತಿರ ಅವಳು ನಿನಗೆ ಶರಣು ಅಂದಳು, ನೀನು ಅಂದೆ. ಅಷ್ಟೇ. ಅವಳ ಅಪ್ಪ ಬಸವೇಶ್ವರನಗರದಲ್ಲಿ ದೊಡ್ಡ ಅಧಿಕಾರಿ, ಮಾರನೆಯ ದಿನವೇ ಕಾರಲ್ಲಿ ಬಂದು ಮಗಳನ್ನು ಕರೆದುಕೊಂಡು ಹೋದರು. ಕೂದಲು ಕತ್ತರಿಸಿದವಳು ಮನೆಯಲ್ಲಿ ಬಿಸಿನೀರು ಹೊಯ್ದುಕೊಳ್ಳುತ್ತಿದ್ದಾಳೆ. ಶರಣು ಅಂದವಳು ಅಲ್ಲೇ ಉಳಿದಳು.

ನಿನ್ನನ್ನೂ ಕರೆದುಕೊಂಡು ಬರಲು ನೋಡಲಿಲ್ಲ ಎಂದುಕೊಳ್ಳಬೇಡ. ಚಂದ್ರಾ ಲೇಔಟಿನಲ್ಲಿ ಎರಡು ಶಾಲೆಯ ಮೆಟ್ಟಿಲು ಹತ್ತಿದೆ. ಹತ್ತನೇ ಕ್ಲಾಸು ಅಂದ ಕೂಡಲೇ, “ಪರೀಕ್ಷೆಗೆ ಹೆಸರು ಅಲ್ಲಿಂದ ಹೋಗಿಬಿಟ್ಟಿದೆ ಸಾರ್, ಈಗೇನೂ ಆಗಲ್ಲ. ಮುಂದಿನ ವರ್ಷ ಬನ್ನಿ” ಅಂದರು. ಮನೆಯಿಂದ ಓಡಾಡಿಸೋಣವೆಂದರೆ ನಿಮ್ಮದು ಹಾಸ್ಟೆಲ್ಲಿನ ಮಕ್ಕಳಿಗೆ ಮಾತ್ರ ಶಾಲೆ. ಬಿಡಿಸಿದರೆ ನಿನ್ನ ಒಂದು ವರ್ಷ ಹೋಯಿತು, ಬಿಟ್ಟರೆ ಮಾರ್ಚಿಯವರೆಗೆ ನೀನು ಅಲ್ಲಿ ಒಬ್ಬಳೇ. ಶಾಮಿಯಾನದ ಕಂಬ ಹುಗಿಯುವವನಿಗೆ ಇದು ಗೊತ್ತಿರಬೇಕಿತ್ತು, ಬಿಗಿಯಾಗಿ ನೆಟ್ಟದ್ದನ್ನು ಕೀಳುವಾಗ ನೆಲವೂ ಕಿತ್ತು ಬರುತ್ತದೆ. ಈ ಶಾಲೆ ಬಿಗಿ ಎಂದೇ ಅಲ್ಲವೇ ನಾನು ಸೇರಿಸಿದ್ದು, ಅಂಗಡಿಗೆ ಬಂದವರಿಗೆಲ್ಲ ಕೊಚ್ಚಿಕೊಂಡಿದ್ದು.

ಭಾನುವಾರ ಚನ್ನಮಲ್ಲಪ್ಪ ಸಾರ್ ನನ್ನನ್ನು ಮೊದಲು ತಮ್ಮ ಕೋಣೆಗೆ ಕರೆದರು. ಮರ್ಯಾದಸ್ಥರು, ತಾವೇ ಚಹಾ ಬಗ್ಗಿಸಿ ಕೊಟ್ಟರು. “ನಾವು ಮಕ್ಕಳ ಮೈ ಮುಟ್ಟೋದಿಲ್ಲ ಗೂಳಪ್ಪನವರೇ, ಬೈಯೋದೂ ಇಲ್ಲ” ಅಂದರು. ರೋಣದ ಶಾಲೆಯಲ್ಲಿ ನಮ್ಮ ಮಾಸ್ತರು ಬೆತ್ತದಲ್ಲಿ ಬಾರಿಸುತ್ತಿದ್ದರು, ಆದರೆ ಸಂಜೆ ಗಂಟೆ ಹೊಡೆದರೆ ಬೆತ್ತಕ್ಕೂ ರಜೆ. ಆಮೇಲೆ ಹೊರಗಡೆ ಸಿಕ್ಕರೆ ಅವರೇ ತಲೆ ಸವರುತ್ತಿದ್ದರು. ಇದನ್ನು ಸಾರ್‌ಗೆ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಡಿಸೆಂಬರಿನಲ್ಲಿ ನಿಮ್ಮ ವಾರ್ಷಿಕೋತ್ಸವ, ಸಾವಿರದ ಇನ್ನೂರು ಕುರ್ಚಿಯ ಆರ್ಡರು, ಆ ಕಾಗದ ಅವರ ಮೇಜಿನ ಮೇಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ, ಅದರ ಮಾತೂ ಎತ್ತಲಿಲ್ಲ. ನಾನೇ ಅದನ್ನು ನೋಡುತ್ತಾ ಕೂತಿದ್ದೆ. ಕೊನೆಗೆ ಹೇಳಿದರು: “ಅವಳು ಶರಣು ಅಂದರೆ ನೀವೂ ಅನ್ನಬಾರದು. ಮನೆಯವರೇ ಸಡಿಲ ಬಿಟ್ಟರೆ ಶಿಸ್ತು ಎಲ್ಲಿ ಉಳೀತು?” ನಾನು ಹ್ಞೂಂ ಅಂದೆ.

ಆಮೇಲಿನದು ನಿನಗೆ ಗೊತ್ತು. ಆದರೂ ನನ್ನ ಬಾಯಿಂದ ಕೇಳು. ಭೇಟಿಯ ಕೋಣೆಯಲ್ಲಿ ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ಹೋದ ವರ್ಷ ವಾಪಸ್ ಬಾರದ ನನ್ನ ಆರು ಕುರ್ಚಿಗಳು, ಬೆನ್ನ ಮೇಲೆ ನಮ್ಮ ಅಂಗಡಿಯ ಹೆಸರು ಹೊತ್ತುಕೊಂಡು, ಅಲ್ಲೇ ಸಾಲಾಗಿ ಇದ್ದವು. ಅವುಗಳಲ್ಲೊಂದರ ಮೇಲೆ ನಾನು ಕೂತೆ. ನೀನು ಬಂದೆ. ಹಣೆಯ ಮೇಲೆ ವಿಭೂತಿ, ಎರಡು ಜಡೆ, ಸ್ವಲ್ಪ ಇಳಿದು ಹೋಗಿದ್ದೆ. ಕೈಮುಗಿದು “ಶರಣು ಅಪ್ಪಾ” ಅಂದೆ. ನಾನು ನೆಲ ನೋಡಿದೆ. ನನಗೆ ಕೇಳಿಸಲಿಲ್ಲವೇನೋ ಎಂದು ನೀನು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಅಂದೆ. ಕೇಳಿಸಿತ್ತವ್ವಾ, ಮೊದಲ ಸಲವೇ ಕೇಳಿಸಿತ್ತು. ನಾನು ಕೇಳಿದ್ದೇನು, “ಊಟ ಆತೇನು?” ಎರಡು ವರ್ಷದವಳಿದ್ದಾಗ ಸರಿಯಾಗಿ ಅಪ್ಪಾ ಅನ್ನಲು ಬರುವ ಮೊದಲೇ ‘ತಣ್ಣು ತಣ್ಣು’ ಎಂದು ಗಿರಾಕಿಗಳಿಗೆಲ್ಲ ಕೈಮುಗಿಯುತ್ತಿದ್ದೆ, ಕಲಿಸಿದವನು ನಾನೇ. ಸೋಮವಾರದ ಪ್ರಾರ್ಥನೆಯಲ್ಲಿ ಎದ್ದುನಿಂತು ತಪ್ಪಾಯಿತು ಅಂದುಬಿಡು, ಶಿಕ್ಷೆ ಮುಗಿಯುತ್ತದೆ ಎಂದು ನಾನು ಹೇಳಿದಾಗ ನೀನು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. “ಶರಣು ಅಂದದ್ದು ತಪ್ಪು ಅಂತ ಹೆಂಗ ಹೇಳ್ಲಿ ಅಪ್ಪಾ? ಇಲ್ಲೇ ಕಲಿಸ್ಯಾರಲ್ಲ, ಅಂದವರಿಗೆ ತಿರುಗಿ ಅನ್ನಬೇಕು ಅಂತ” ಅಂದೆ. ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿ ಬಾಯಿಂದಲೇ ಬದುಕಿದವನು ನಾನು, ಬಾಡಿಗೆ ಬಾಕಿ ಇಟ್ಟವನ ಮನೆಯಲ್ಲೇ ಕೂತು ಊಟ ಮಾಡಿ ಬಾಕಿ ವಸೂಲಿ ಮಾಡಿದವನು. ನಿನ್ನ ಮಾತು ಕೇಳಿ ಎದ್ದು, ಕೂತ ಕುರ್ಚಿಯನ್ನು ಸಾಲಿಗೆ ಸರಿಸಿಟ್ಟು ಹೊರಟುಬಂದೆ. ಈ ಸೋಮವಾರ ನೀನು ಏಳಲೂ ಇಲ್ಲವಂತೆ.

ಸಾರ್ ನಿನ್ನೆ ಫೋನ್ ಮಾಡಿ, ಮುಂದಿನ ಸೋಮವಾರದೊಳಗೆ ಮಗಳಿಗೆ ನಾಲ್ಕು ಬುದ್ಧಿಮಾತು ಬರೆದು ಕಳಿಸಿ ಅಂದಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ: ಹಿರಿಯರ ಮಾತು ಕೇಳು. ನಿಯಮ ಎಲ್ಲರಿಗೂ ಒಂದೇ. ಎದ್ದುನಿಂತು ತಪ್ಪಾಯಿತು ಅನ್ನು. ಮನಸ್ಸಿಟ್ಟು ಓದು. ನಾಲ್ಕಾಯಿತು.

ಇವತ್ತು ಮಕ್ಕಳ ದಿನಾಚರಣೆ. ನಮ್ಮ ಕುರ್ಚಿಗಳೆಲ್ಲ ಬೇರೆಯವರ ಮಕ್ಕಳ ಕೆಳಗೆ ಕೂತಿವೆ, ಅಂಗಡಿ ಖಾಲಿ ಹೊಡೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯಲು ಹೊತ್ತು ಸಿಕ್ಕಿತು. ಕೆಮ್ಮು ಬಂದರೆ ಮುಚ್ಚಿಡಬೇಡ, ಮೇಡಂಗೆ ಹೇಳು, ಅವರು ಒಳ್ಳೆಯವರು. ಹೋದ ವರ್ಷ ಜ್ವರದಲ್ಲಿ ಒಂದು ಹಗಲು ಒಂದು ಇರುಳು ನಿನ್ನ ಪಕ್ಕ ಕೂತವರು ಅವರೇ. ನಿನ್ನವ್ವ ನಿನಗೆ ನೆನಪು ಹೇಳು ಎಂದು ಮಿಕ್ಸಿಗೆ ಹೇಳಿದ್ದಾಳೆ, ನಾನು ನಿನಗೆ ದಾಟಿಸಿದ್ದೇನೆ. ಹೊಟ್ಟೆ ತುಂಬ ಉಣ್ಣು, ಬೆಚ್ಚಗೆ ಮಲಗು.

ಇಂತಿ ನಿನ್ನಪ್ಪ,
ಗೂಳಪ್ಪ

ಮರೆತ ಮಾತು: ಪೋಸ್ಟಿನ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ.

ಶರಣು, ಗುರುದೇವಿ.

ಮೇಡಂ, ಈಗ ಓದುತ್ತಾ ನೀವೇ ಅವಳಿಗೆ ಅಂದಿರಿ. ಮಾತು ನನ್ನದು, ಭಾನುವಾರದ್ದು, ಬಾಯಿ ಮಾತ್ರ ನಿಮ್ಮದು. ನಿಯಮದ ಪ್ರಕಾರ ಇನ್ನು ನಿಮ್ಮ ಶರಣೂ ನಿಲ್ಲಬೇಕು. ಸಾರ್‌ಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ನೀವು ಸುಳ್ಳು ಹೇಳುವವರಲ್ಲ. ನನ್ನ ಮೇಲೆ ಸಿಟ್ಟಾಗಿ, ಅವಳ ಮೇಲೆ ಬೇಡ. ಅವಳಿಗೆ ಇದು ಗೊತ್ತಿರಲಿಲ್ಲ.

ಯವ್ವಾ, ಮೇಲಿನ ನಾಲ್ಕು ಬುದ್ಧಿಯಲ್ಲಿ ಮೂರನೆಯದು ಸಾರ್‌ದು, ನನ್ನದಲ್ಲ. ಸೋಮವಾರ ಏಳಬೇಡ. ಮಾರ್ಚಿಯವರೆಗೆ ಪ್ರತಿ ಭಾನುವಾರ ಬಂದು, ಯಾರು ಬಾಗಿಲಲ್ಲಿ ನಿಂತಿದ್ದರೂ, ಮೊದಲು ನಾನೇ ಅನ್ನುತ್ತೇನೆ. ಗೇಟಿನೊಳಗೆ ಬಿಡದಿದ್ದರೆ ಗೇಟಿನಿಂದಲೇ ಅನ್ನುತ್ತೇನೆ, ನನ್ನ ಗಂಟಲು ನಿನಗೆ ಗೊತ್ತಲ್ಲ.

ಯಾರಿಗೆ ಏನು ಸಿಕ್ಕಿತು ಅಂದರೆ: ಅನಘಾಗೆ ಮನೆ ಮತ್ತು ಬಿಸಿನೀರು. ಚನ್ನಮಲ್ಲಪ್ಪ ಸಾರ್‌ಗೆ ಶಿಸ್ತು. ಶಾಲೆಗೆ ಆರು ಕುರ್ಚಿ. ಮರಿಯಪ್ಪನಿಗೆ ಸುಂಕದಕಟ್ಟೆಯ ಆರ್ಡರು, ಇನ್ನು ನಿಮ್ಮ ವಾರ್ಷಿಕೋತ್ಸವದ್ದೂ ಅವನಿಗೇ ಹೋಗಬಹುದು. ನನಗೆ ನಿನ್ನವ್ವನ ಒಂದು ಮಾತು. ಈ ಕೊನೆಯ ಹಾಳೆಯನ್ನು ಅವಳಿಗೆ ಓದಿ ಹೇಳಿದೆ, ಮಿಕ್ಸಿ ಆರಿಸಿ, “ಡಬ್ಬಕ್ಕ ಹಾಕಿ ಬರ್ರಿ” ಅಂದಳು. ನಿನಗೆ ಒಂದು ಶರಣು, ನಾಲ್ಕು ದಿನ ತಡವಾಗಿ.